ಸ್ನೋ ಅಂದರೆ ಆಗದವರಿಗೆ: ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಗೆ ಬಂದು ನೋಡಿ. ಮಂಕಿ ಕ್ಯಾಪು, ಮಫ್ಲರು, ಸ್ವೆಟರ್ ಮೇಲೊಂದು ಶಾಲು. ಅಷ್ಟಕ್ಕೂ ಅವತ್ತಿನ ಚಳಿ ಎಷ್ಟು? 17 ಡಿಗ್ರಿ! ನಾನೂ ಆ ಗುಂಪಿನವಳೇ. ಅಂಥವಳು ಮಗಳ ಬಾಣಂತನಕ್ಕೆ ಅಂತ ನವೆಂಬರ್ ಕೊನೆಗೆ ಟೊರೊಂಟೊದಲ್ಲಿ ಇಳಿದೆ. ಮಾರ್ಚ್ ಮುಗಿಯುವವರೆಗೂ ಅಲ್ಲೇ ಇದ್ದೆ. ಹಿಮ ನನಗೆ ಆಗಲೂ ಇಷ್ಟವಿರಲಿಲ್ಲ, ಈಗಲೂ ಇಲ್ಲ. ಆದರೆ ಹೋಗುವಾಗ ಹೊಟ್ಟೆಯಲ್ಲಿದ್ದ ಭಯ ಬರುವಾಗ ಇರಲಿಲ್ಲ.

ಕುವೆಂಪುನಗರದ ನಮ್ಮ ಬೀದಿಯಿಂದಲೇ ಪ್ರತಿ ವರ್ಷ ಯಾರಾದರೂ ಹೀಗೆ ಹೊರಡುತ್ತಾರೆ. "ಅಕ್ಕ, ಅಲ್ಲಿ ಬರೀ ಸ್ನೋ ಅಂತೆ, ಹೆಂಗಿದ್ರಿ?" ಅಂತ ಕೇಳಿಕೊಂಡು ಬರುತ್ತಾರೆ. ಅವರಿಗೆಲ್ಲ ಕಾಫಿ ಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಭಯ ಯಾವುದಕ್ಕೆ ಅಂತ ಬಿಡಿಸಿ ನೋಡಿ

ನಮ್ಮ ಕಡೆ ಸ್ನೋಗೆ ದಿನಬಳಕೆಯ ಮಾತೇ ಇಲ್ಲ, ಗಮನಿಸಿದ್ದೀರಾ? ಮಂಜು ಅಂದರೆ ಬೆಳಗಿನ ಜಾವ ಕಬ್ಬಿನ ಗದ್ದೆ ಮೇಲೆ ಕೂತಿರುತ್ತದಲ್ಲ, ಅದು. ಇಬ್ಬನಿ ಅಂದರೆ ಹುಲ್ಲಿನ ಮೇಲಿನ ಹನಿ. ಆಕಾಶದಿಂದ ಗಟ್ಟಿಯಾಗಿ ಬೀಳುವುದು ಅಂತ ನಮಗೆ ಗೊತ್ತಿರುವುದು ಆಲಿಕಲ್ಲು ಒಂದೇ, ಅದೂ ಬೇಸಿಗೆ ಮಳೆಯಲ್ಲಿ. ಹಿಮ ಅನ್ನುವ ಮಾತು ಹಿಮಾಲಯಕ್ಕೆ, ಪುಸ್ತಕಕ್ಕೆ. ಪರಿಚಯವೇ ಇಲ್ಲದ್ದಕ್ಕೆ ಹೆದರುವುದರಲ್ಲಿ ನಾಚಿಕೆ ಏನಿಲ್ಲ.

ಆದರೆ "ನನಗೆ ಸ್ನೋ ಭಯ" ಅನ್ನುವುದು ಒಂದು ಗಂಟು. ಬಿಚ್ಚಿದರೆ ಒಳಗೆ ನಾಲ್ಕೈದು ಬೇರೆ ಬೇರೆ ಭಯ ಇರುತ್ತವೆ. ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಜಾರಿ ಬೀಳುವುದು, ಚಳಿ ತಡೆಯಲಾಗದೆ ಕಾಯಿಲೆ ಬೀಳುವುದು, ಕಾರು ಜಾರುವುದು, ಮನೆಯೊಳಗೇ ಸಿಕ್ಕಿಹಾಕಿಕೊಳ್ಳುವುದು, ಕತ್ತಲೆ. ಪ್ರತಿಯೊಂದಕ್ಕೂ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ. ನಾನು ಹಾಕಿದಾಗ ಬೀಳುವ ಭಯಕ್ಕೆ ಹತ್ತು ಬಂತು, ಚಳಿಗೆ ನಾಲ್ಕು. ಹಿಮಕ್ಕೆ ಅಂತ ಬೇರೆಯಾಗಿ ಕೊಡಲು ಏನೂ ಉಳಿಯಲಿಲ್ಲ.

ಇಲ್ಲೇ ಒಂದು ಮುಖ್ಯ ಮಾತು. ಹೊಸದಾಗಿ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ. ಹಿಂಜಿದ ಹತ್ತಿಯ ಹಾಗೆ. ಕಾಲಿಟ್ಟರೆ ಹೂತುಕೊಳ್ಳುತ್ತದೆ, ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಅದೇ ಹಿಮ ಮಧ್ಯಾಹ್ನ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಗಾಜಿನ ಹಾಳೆ ಆಗುತ್ತದೆ. ಬ್ಲ್ಯಾಕ್ ಐಸ್ ಅನ್ನುತ್ತಾರೆ. ಹೆಸರು ಕಪ್ಪು, ಇರುವುದು ಪಾರದರ್ಶಕ. ಕೆಳಗಿನ ಡಾಂಬರು ಕಾಣುವುದರಿಂದ ಒದ್ದೆ ನೆಲ ಅಂದುಕೊಂಡು ಕಾಲಿಡುತ್ತೇವೆ. ಹೆದರಬೇಕಾದ್ದು ಅದಕ್ಕೆ. ಬೆಳ್ಳಗೆ ಬೀಳುವುದನ್ನು ಕಿಟಕಿಯಲ್ಲಿ ನೋಡಿ ನಡುಗಿದ ನಾನು, ಬಿಸಿಲು ಬಂದ ದಿನ ಧೈರ್ಯವಾಗಿ ಹೊರಗೆ ಹೋಗಿ ಬಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಕೆಲವರಿಗೆ ಫೋಟೋ ನೋಡಿದರೂ ಎದೆ ಢವಢವ, ಹವಾಮಾನ ಸುದ್ದಿ ಕೇಳಿದರೆ ನಿದ್ದೆ ಇಲ್ಲ, ತಿಂಗಳುಗಟ್ಟಲೆ ಹೀಗೇ. ಅದು ಬರೀ ಇಷ್ಟವಿಲ್ಲದಿರುವುದಲ್ಲ. ಕಿಯೊನೊಫೋಬಿಯಾ ಅಂತ ಹೆಸರೂ ಇದೆ. ಗ್ರೀಕ್‌ನಲ್ಲಿ ಕಿಯೋನ್ ಅಂದರೆ ಹಿಮ. ಇಂಥ ಭಯಗಳಿಗೆ ಒಳ್ಳೆಯ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್‌ಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಟಿಕೆಟ್ ಬುಕ್ ಮಾಡುವ ಮೊದಲೇ ಮಾತಾಡಿ.

ಹೆಜ್ಜೆ 2: ಮೈಸೂರಿನಲ್ಲೇ ಆರು ವಾರ ಅಭ್ಯಾಸ

ಭಯ ಕಳೆಯುವ ದಾರಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗುವುದು. ಮೊದಲ ವಾರ ಮಕ್ಕಳು ಕಳಿಸುವ ಹಿಮದ ವಿಡಿಯೋಗಳನ್ನು ನೋಡಿ. ಎದೆ ಬಡಿತ ಜಾಸ್ತಿಯಾದ ತಕ್ಷಣ ಫೋನ್ ಕೆಳಗಿಡಬೇಡಿ. ಬಡಿತ ತಾನಾಗಿ ಇಳಿಯುವವರೆಗೆ ನೋಡಿ, ಆಮೇಲೆ ಬಿಡಿ. ಭಯ ಏರಿದಾಗ ಓಡಿದರೆ "ಓಡಿದ್ದಕ್ಕೇ ಬಚಾವಾದೆ" ಅಂತ ಮನಸ್ಸು ಪಾಠ ಕಲಿತುಬಿಡುತ್ತದೆ. ಇಳಿಯುವವರೆಗೆ ಕಾದರೆ ಬೇರೆ ಪಾಠ ಕಲಿಯುತ್ತದೆ.

ಎರಡನೇ ವಾರ ಫ್ರೀಜರ್ ಐಸ್ ಕೈಯಲ್ಲಿ ಹಿಡಿಯಿರಿ, ಅರ್ಧ ನಿಮಿಷ ಸಾಕು. ಆಮೇಲೆ ಬೆಂಗಳೂರಿಗೆ ಹೋದಾಗ ಜಯಮಹಲ್ ಕಡೆಯ ಸ್ನೋ ಸಿಟಿ ಅನ್ನುವ ಕೃತಕ ಹಿಮದ ಆಟದ ಜಾಗಕ್ಕೆ ಮೊಮ್ಮಕ್ಕಳ ಜೊತೆ ಒಂದು ಸಲ ಹೋಗಿ ಬನ್ನಿ. ಮಕ್ಕಳ ಗಲಾಟೆ ಜಾಸ್ತಿ, ಆದರೆ ಮೈ ಕೊರೆಯುವ ಚಳಿ ಅಂದರೇನು ಅಂತ ಗೊತ್ತಾಗುತ್ತದೆ. ಸಾಕೆನಿಸಿದಾಗ ಬಾಗಿಲು ತೆರೆದು ಆಚೆ ಬರಬಹುದು ಅನ್ನುವುದೂ ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯ ಕಾಲಿನ ಕಸರತ್ತು. ಹಲ್ಲು ಉಜ್ಜುವಾಗ ಒಂದು ಕೈ ಬೇಸಿನ್ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಆಮೇಲೆ ಇನ್ನೊಂದು ಕಾಲು. ಊಟದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಮಂಡಿ ನೋವಿದ್ದರೆ ಡಾಕ್ಟರನ್ನು ಕೇಳಿ ಮಾಡಿ. ಬೀಳದ ಹಾಗೆ ಉಳಿಸುವುದು ಎರಡು ಸಾವಿರದ ಬೂಟಿಗಿಂತ ಜಾಸ್ತಿ ಈ ಕಾಲಿನ ಬಲವೇ.

ಹೆಜ್ಜೆ 3: ಇಲ್ಲಿ ಏನು ಕೊಳ್ಳಬೇಕು, ಅಲ್ಲಿ ಏನು

ಇಲ್ಲಿಂದ ದಪ್ಪ ಜಾಕೆಟ್ ಹೊತ್ತುಕೊಂಡು ಹೋಗಬೇಡಿ. ನಮ್ಮ ಅಂಗಡಿಯವರು "ಮೇಡಂ, ಮೈನಸ್‌ಗೂ ಆಗತ್ತೆ" ಅನ್ನುತ್ತಾರೆ, ಪಾಪ, ಅವರೂ ಮೈನಸ್ ನೋಡಿದವರಲ್ಲ. ಜಾಕೆಟ್, ಬೂಟು ಅಲ್ಲೇ ಕೊಳ್ಳಿ. ವಿಮಾನ ಇಳಿಯುವ ದಿನಕ್ಕೆ ಮಾತ್ರ ಮಗಳೋ ಅಳಿಯನೋ ಒಂದು ಜಾಕೆಟ್ ಹಿಡಿದು ಏರ್‌ಪೋರ್ಟ್‌ಗೆ ಬರಲಿ.

ಇಲ್ಲಿಂದ ಒಯ್ಯಬೇಕಾದ್ದು ಮೈಗಂಟುವ ಥರ್ಮಲ್, ಎರಡು ಜೊತೆ, ಉಣ್ಣೆಯದ್ದು ಇಲ್ಲವೇ ಪಾಲಿಯೆಸ್ಟರ್. ಕಾಟನ್ ಬೇಡವೇ ಬೇಡ. ನಾವು ಜೀವಮಾನವಿಡೀ ಕಾಟನ್ನೇ ಒಳ್ಳೆಯದು ಅಂತ ನಂಬಿದವರು, ಆದರೆ ಕಾಟನ್ ಬೆವರು ಕುಡಿದು ಒದ್ದೆಯಾಗೇ ಕೂರುತ್ತದೆ. ಒದ್ದೆ ಬಟ್ಟೆ ಮೈ ಬಿಸಿಯನ್ನು ಎಳೆದುಬಿಡುತ್ತದೆ. ಟೋಪಿ, ಸ್ವೆಟರ್‌ಗೆ ಚಳಿಗಾಲದಲ್ಲಿ ನಮ್ಮೂರಿಗೆ ಮಾರಲು ಬರುವ ಟಿಬೆಟಿಯನ್ನರ ಹತ್ತಿರ ಹೋಗಿ. 1961ರಲ್ಲಿ ಬೈಲಕುಪ್ಪೆಯಲ್ಲಿ ನೆಲೆ ನಿಂತ ಜನ, ಹಿಮದ ನಾಡಿನಿಂದ ಬಂದವರು. ನನಗೆ ಟೋಪಿ ಕೊಟ್ಟ ಅಜ್ಜಿ, ಕಿವಿ ಪೂರ್ತಿ ಮುಚ್ಚುತ್ತದೋ ಇಲ್ಲವೋ ಅಂತ ತಾನೇ ಎಳೆದು ನೋಡಿ ಕೊಟ್ಟಳು.

ಅಲ್ಲಿ ಹೋದ ಮೇಲೆ ಮೂರು ಪದರ: ಮೈಗೆ ಥರ್ಮಲ್, ನಡುವೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು, ಯಾಕೆಂದರೆ ನಡುವೆ ನಿಂತ ಗಾಳಿಯೇ ಕಂಬಳಿ. ಒಳಗೆ ಹೀಟರ್ ಇರುವ ಅಂಗಡಿಗೆ ಹೋದಾಗ ಒಂದೊಂದೇ ತೆಗೆಯಬಹುದು. ಕೈಗೆ ಬೆರಳು ಬೆರಳಿನ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ.

ಸೀರೆಯ ವಿಷಯ ನೇರವಾಗಿ ಹೇಳುತ್ತೇನೆ: ಹೊರಗೆ ಹೋಗುವಾಗ ಬೇಡ. ಅಂಚು ಕೆಸರು ಹಿಮದಲ್ಲಿ ನೆನೆದು ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ನಾಮಕರಣಕ್ಕೆ ಉಡಲು ಒಂದು ಮೈಸೂರು ಸಿಲ್ಕ್ ಇಟ್ಟುಕೊಳ್ಳಿ, ಸಾಕು. ಇನ್ನೊಂದು, ಯಾರೂ ಹೇಳದ್ದು: ಕಾಲುಂಗುರ. ದಪ್ಪ ಕಾಲುಚೀಲ, ಅದರ ಮೇಲೆ ಬೂಟು ಹಾಕಿದಾಗ ಎರಡನೇ ಬೆರಳನ್ನು ಅದು ಒತ್ತುತ್ತದೆ. ಒತ್ತಿದ ಬೆರಳಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಮೊದಲು ಜೋಮು ಹಿಡಿಯುವುದು ಅದಕ್ಕೇ. ನಾನು ಬಿಚ್ಚಿ ಮಾಂಗಲ್ಯದ ಸರಕ್ಕೆ ಪೋಣಿಸಿಕೊಂಡಿದ್ದೆ. ನಿಮ್ಮ ಮನಸ್ಸಿಗೆ ಒಪ್ಪದಿದ್ದರೆ ಸಡಿಲ ಇರುವುದನ್ನು ಹಾಕಿಕೊಳ್ಳಿ.

ಬೂಟು ಅರ್ಧ ಸೈಜು ದೊಡ್ಡದಿರಲಿ. ಒಳಗೆ ಬೆರಳು ಆಡಬೇಕು. ಅಟ್ಟೆ ಗಟ್ಟಿ ಪ್ಲಾಸ್ಟಿಕ್ ಆಗಿರಬಾರದು, ಮೆತ್ತನೆ ರಬ್ಬರ್ ಇರಬೇಕು. ಟೊರೊಂಟೊದ ಸಂಶೋಧಕರು ಬೂಟುಗಳನ್ನು ನಿಜವಾದ ಐಸಿನ ಇಳಿಜಾರಿನ ಮೇಲೆ ಪರೀಕ್ಷಿಸಿ 'ರೇಟ್ ಮೈ ಟ್ರೆಡ್ಸ್' ಅಂತ ಅಂಕ ಕೊಡುತ್ತಾರೆ. 2016ರಲ್ಲಿ ಮೊದಲ ಸಲ ಪಟ್ಟಿ ಬಂದಾಗ ಹೆಚ್ಚಿನ ಬೂಟುಗಳು ಫೇಲ್! ಬೆಲೆ ನೋಡಿ ನಂಬಬೇಡಿ, ಆ ಪಟ್ಟಿ ನೋಡಿ ಕೊಳ್ಳಿ. ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ಪಟ್ಟಿಯೂ ಸಿಗುತ್ತದೆ. ಐಸಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದೇ ಮುಳ್ಳು ಮಾಲಿನ ಟೈಲ್ಸ್ ಮೇಲೆ ಜಾರುತ್ತದೆ, ಒಳಗೆ ಕಾಲಿಡುವ ಮುಂಚೆ ಬಿಚ್ಚಬೇಕು.

ವಿಮೆ ಮರೆಯಬೇಡಿ. ಮಕ್ಕಳ ಜೊತೆ ದೀರ್ಘಕಾಲ ಇರಲು ಅಪ್ಪ-ಅಮ್ಮಂದಿರಿಗೆ ಕೊಡುವ ಕೆನಡಾದ ಸೂಪರ್ ವೀಸಾಗೆ ಕನಿಷ್ಠ 1 ಲಕ್ಷ ಕೆನಡಾ ಡಾಲರ್ ಮೊತ್ತದ, ಒಂದು ವರ್ಷದ ಆರೋಗ್ಯ ವಿಮೆ ಕಡ್ಡಾಯ. ಮಾಮೂಲಿ ವಿಸಿಟರ್ ವೀಸಾದವರೂ ಮಾಡಿಸಿಕೊಂಡೇ ಹೋಗಿ. ಇನ್ಸುಲಿನ್ ತೆಗೆದುಕೊಳ್ಳುವವರು ಪೆನ್ನನ್ನು ಹೊರಗಿನ ಜೇಬಿನಲ್ಲಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಿತು ಅಂತಲೇ ಲೆಕ್ಕ.

ಹೆಜ್ಜೆ 4: ಬೆಳಿಗ್ಗೆ ಫೋನಿನಲ್ಲಿ ಎರಡು ಅಂಕಿ ನೋಡಿ

ಟೊರೊಂಟೊದಲ್ಲಿ ಜನವರಿಯ ರಾತ್ರಿಗಳು ಸರಾಸರಿ ಮೈನಸ್ 7ರ ಆಸುಪಾಸು. ಅಮೆರಿಕದ ಮಿನಿಯಾಪೊಲಿಸ್ ಕಡೆ ಹೋಗುವವರಿಗೆ ಮೈನಸ್ 13. ಆದರೆ ಅದಕ್ಕಿಂತ ಮುಖ್ಯ 'ಫೀಲ್ಸ್ ಲೈಕ್' ಅಂತ ತೋರಿಸುವ ಎರಡನೇ ಅಂಕಿ. ಅದರಲ್ಲಿ ಗಾಳಿಯ ಲೆಕ್ಕ ಸೇರಿರುತ್ತದೆ. ಅದು ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಅಂಥ ದಿನ ಮನೆಯಲ್ಲೇ ಇರಿ, ಯಾರೂ ಪುಕ್ಕಲು ಅನ್ನುವುದಿಲ್ಲ. ಅಮೆರಿಕಕ್ಕೆ ಹೋದವರಿಗೆ ಫ್ಯಾರನ್‌ಹೀಟ್ ಗೊಂದಲ: 32 ಅಂದರೆ ನಮ್ಮ ಸೊನ್ನೆ. ಮೈನಸ್ 40ರಲ್ಲಿ ಎರಡೂ ಒಂದೇ. ಅದನ್ನು ನೋಡುವ ಯೋಗ ನಿಮಗೆ ಬರದಿರಲಿ.

ಸಾಮಾನ್ಯವಾಗಿ ಹಿಮ ಬೀಳುವ ದಿನ ಚಳಿ ಅಷ್ಟಿರುವುದಿಲ್ಲ. ಬಿದ್ದು ಮುಗಿದು ಆಕಾಶ ತಿಳಿಯಾದ ಮೇಲೆಯೇ ಕೊರೆಯುವುದು. ನೀಲಿ ಆಕಾಶ, ಬಿಸಿಲು ನೋಡಿ ಮೋಸ ಹೋಗಬೇಡಿ.

ಹೆಜ್ಜೆ 5: ಗದ್ದೆ ಬದುವಿನ ನಡಿಗೆ

ನಾನು ಬಿದ್ದದ್ದು ಡಿಸೆಂಬರ್ ಎರಡನೇ ವಾರ, ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ. ಬಿಸಿಲಿತ್ತು. ಕೈಗಳು ಜೇಬಿನಲ್ಲಿದ್ದವು. ಕಸದ ಡಬ್ಬಿಯ ಪಕ್ಕ ನೀರು ಚೆಲ್ಲಿದ ಹಾಗೆ ಕಂಡಿತು. ಹಿಮ್ಮಡಿ ಇಟ್ಟೆ, ಅಷ್ಟೇ. ಜೇಬಿನಿಂದ ಬಲಗೈ ತೆಗೆದು ಊರುವಷ್ಟರಲ್ಲಿ ಮೈಭಾರವೆಲ್ಲ ಅದರ ಮೇಲೆ. ಮಣಿಕಟ್ಟಿನಲ್ಲಿ ಬಿರುಕು, ಆರು ವಾರ ಪಟ್ಟಿ. ಬಾಣಂತನಕ್ಕೆ ಹೋದವಳಿಗೇ ಬಸುರಿ ಮಗಳು ತಲೆ ಬಾಚಿದಳು.

ಅಳಿಯ ಹೇಳಿದ, "ಅತ್ತೆ, ಪೆಂಗ್ವಿನ್ ಥರ ನಡೀಬೇಕು." ಅಲ್ಲಿ ಎಲ್ಲರೂ ಹೇಳುವ ಮಾತು ಅದು. ನಾನು ಪೆಂಗ್ವಿನ್ ಎಲ್ಲಿ ನೋಡಿದ್ದೇನೆ? ಆದರೆ ಅವನು ಮಾಡಿ ತೋರಿಸಿದಾಗ ನಗು ಬಂತು. ಅದು ನನ್ನ ತವರಿನ ನಡಿಗೆ! ಮಂಡ್ಯದ ಕಡೆ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ನಾಟಿ ಹೊತ್ತಿನಲ್ಲಿ ಒದ್ದೆ ಬದುವಿನ ಮೇಲೆ ತಲೆಮೇಲೆ ಬುತ್ತಿ ಇಟ್ಟುಕೊಂಡು ಹೆಂಗೆ ಹೋಗುತ್ತಿದ್ದೆವು? ಯಾರೂ ಹಿಮ್ಮಡಿ ಊರುತ್ತಿರಲಿಲ್ಲ.

ಅದನ್ನೇ ನಿಧಾನವಾಗಿ ಹೀಗೆ ಮಾಡಿ. ಪಾದ ಸ್ವಲ್ಪ ಹೊರಕ್ಕೆ ತಿರುಗಿರಲಿ. ಮಂಡಿ ಬಿಗಿಯಬೇಡಿ, ತುಸು ಬಗ್ಗಿರಲಿ. ಹೆಜ್ಜೆ ಗೇಣಿನಷ್ಟೇ. ಪಾದ ಪೂರ್ತಿ ಒಟ್ಟಿಗೆ ನೆಲಕ್ಕೆ ಕೂರಬೇಕು, ಮೈಭಾರ ಮುಂದಿನ ಕಾಲಿನ ಮೇಲಿರಬೇಕು. ಆ ಕಾಲು ಗಟ್ಟಿಯಾಗಿ ನಿಂತಿತು ಅನಿಸಿದ ಮೇಲೆ ಹಿಂದಿನದನ್ನು ಎತ್ತಿ. ಕೈ ಜೇಬಿನಿಂದ ಆಚೆ ಇರಲಿ, ಪಕ್ಕಕ್ಕೆ ಸ್ವಲ್ಪ ಚಾಚಿರಲಿ. ಫೋನ್ ಬೇಡ. ಸಾಮಾನು ಕೈಚೀಲದಲ್ಲಿ ಬೇಡ, ಬೆನ್ನಿಗೆ ಹಾಕುವ ಬ್ಯಾಗಿನಲ್ಲಿ ಇರಲಿ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಇಳಿಯುವಾಗಿನ ಎಚ್ಚರ ನೆನಪಿರಲಿ.

ಕಾರಿನಿಂದ ಇಳಿಯುವುದು ಮೋಸದ ಗಳಿಗೆ. ಎರಡೂ ಕಾಲು ನೆಲಕ್ಕಿಟ್ಟು, ಬಾಗಿಲು ಹಿಡಿದು, ಆಮೇಲೆ ಏಳಿ. ಬಿದ್ದೇ ಬೀಳುತ್ತೇನೆ ಅನಿಸಿದರೆ ನನ್ನ ಹಾಗೆ ಕೈ ಊರಲು ಹೋಗಬೇಡಿ. ಮಂಡಿ ಮಡಿಸಿ ಕುಸಿದು, ಪಕ್ಕಕ್ಕೆ, ತೊಡೆ ಮೇಲೆ ಬೀಳಿ, ಗದ್ದ ಎದೆಗೆ ಇರಲಿ.

ಇನ್ನು ಹೊಸ್ತಿಲು. ನಲವತ್ತು ವರ್ಷದ ಅಭ್ಯಾಸ ಕೈ ಬಿಡುತ್ತದೆಯೇ? ಮೊದಲ ವಾರ ಬೆಳಿಗ್ಗೆ ಎದ್ದು ಮಗಳ ಮನೆ ಬಾಗಿಲಿಗೆ ಒಂದು ಚೊಂಬು ನೀರು ಹಾಕಿಬಿಟ್ಟೆ. ಅವಳು ಕಿರುಚಿಕೊಂಡು ಬಂದಳು, "ಅಮ್ಮಾ, ಪೋಸ್ಟ್‌ಮ್ಯಾನ್ ಬಿದ್ದು ಸಾಯ್ತಾನೆ!" ರಂಗೋಲಿ ಒಳಗಡೆ ಹಾಕಿ. ಹೊರಗೆ ಹಾಕಬೇಕಾದ್ದು ಉಪ್ಪು, ಹರಳುಪ್ಪು, ಐಸ್ ಕಟ್ಟುವ ಮೊದಲೇ. ಉಪ್ಪು ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ಮೈನಸ್ 10ರ ಕೆಳಗೆ ಮಾಮೂಲಿ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಮರಳು ಉದುರಿಸಬೇಕು. ಆ ಕೆಲಸ ನಾನು ವಹಿಸಿಕೊಂಡೆ. ರಂಗೋಲಿ ಪುಡಿ ಬಿಡುವ ಬೆರಳಿಗೆ ಉಪ್ಪು ಉದುರಿಸುವುದೇನು ಕಷ್ಟ.

ಯಜಮಾನರಿಗೆ ಒಂದು ಮಾತು. ಹಿಮ ಎತ್ತುವ ಸಲಿಕೆ ಕಂಡ ಕೂಡಲೇ ನಮ್ಮವರಿಗೆ ಹುಮ್ಮಸ್ಸು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಅದರ ಮೇಲೆ ತೋಳಿನ ಬಿರುಸು ಕೆಲಸ. ಹೃದಯಾಘಾತಕ್ಕೆ ಇದು ಗೊತ್ತಿರುವ ಕಾರಣ. ಅರವತ್ತು ದಾಟಿದವರು, ಬಿಪಿ ಸಕ್ಕರೆ ಇರುವವರು ಸಲಿಕೆ ಮುಟ್ಟಬೇಡಿ.

ಹೆಜ್ಜೆ 6: ಬಿದ್ದ ಮೇಲೆ, ಅಥವಾ ಹೆದರಿ ಕೂತ ಮೇಲೆ

ಹನ್ನೊಂದು ದಿನ ನಾನು ಹೊಸ್ತಿಲು ದಾಟಲಿಲ್ಲ. ಒಳಗೆ ಇದ್ದಷ್ಟೂ ಹೊರಗಿನದು ದೊಡ್ಡದಾಗುತ್ತಾ ಹೋಯಿತು. ಹನ್ನೆರಡನೇ ದಿನ ಮಗಳು, "ಬಾಗಿಲಲ್ಲಿ ನಿಂತ್ಕೋ ಅಮ್ಮ, ಸಾಕು" ಅಂದಳು. ಐದು ನಿಮಿಷ ನಿಂತೆ. ಮಾರನೇ ದಿನ ಹೊರಗಿನ ಅಂಚೆ ಪೆಟ್ಟಿಗೆವರೆಗೆ, ಅಳಿಯನ ತೋಳು ಹಿಡಿದು. ಮೂರು ದಿನ ಅಷ್ಟೇ ದೂರ. ಆಮೇಲೆ ತೋಳು ಬಿಟ್ಟು. ಜನವರಿ ಮಧ್ಯದ ಹೊತ್ತಿಗೆ ಬೀದಿ ತುದಿಯ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತಂದೆ. ಇದು ಎರಡನೇ ಹೆಜ್ಜೆಯ ಅಭ್ಯಾಸವೇ. ಒಂದು ಮೆಟ್ಟಿಲು ಬೇಸರ ಬರುವಷ್ಟು ಸಲೀಸಾದ ಮೇಲೇ ಮುಂದಿನದು.

ಅದರಲ್ಲಿ ಒಂದು ದಿನ, ಅಂಚೆ ಪೆಟ್ಟಿಗೆ ಹತ್ತಿರ ನಿಂತಿದ್ದಾಗ ಹಿಮ ಬೀಳಲು ಶುರುವಾಯಿತು. ಸದ್ದೇ ಇಲ್ಲ. ಮಳೆಗೆ ಸದ್ದಿದೆ, ಆಲಿಕಲ್ಲಿಗೆ ಅಬ್ಬರವಿದೆ, ಇದಕ್ಕೆ ಏನೂ ಇಲ್ಲ. ದೂರದ ರಸ್ತೆಯ ಕಾರುಗಳ ಸದ್ದೂ ಅಡಗಿತು. ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದಂತೆ. ಕಪ್ಪು ಮಿಟನ್ ಮೇಲೆ ಒಂದು ಹರಳು ಬಿತ್ತು, ಆರು ಮೂಲೆಯದ್ದು, ಹೊಸ್ತಿಲಿಗೆ ಹಾಕುವ ಚುಕ್ಕಿ ರಂಗೋಲಿಯನ್ನು ಸಾಸಿವೆ ಗಾತ್ರಕ್ಕೆ ಇಳಿಸಿದ ಹಾಗೆ. ಚೆನ್ನಾಗಿತ್ತು. ಇಷ್ಟ ಅಂತ ಹೇಳಲಾರೆ, ಚೆನ್ನಾಗಿತ್ತು ಅಷ್ಟೇ.

ಹೆಜ್ಜೆ 7: ಬೆರಳು, ಮೂಗು, ಕಿವಿ

ಮೈ ಹೆಪ್ಪುಗಟ್ಟುವುದು ಇವುಗಳಿಂದ ಶುರು. ಮೊದಲು ಚುಚ್ಚುತ್ತದೆ, ಆಮೇಲೆ ಜೋಮು, ಆಮೇಲೆ ಏನೂ ಗೊತ್ತಾಗುವುದಿಲ್ಲ. ನೋವು ನಿಂತಿತಲ್ಲ ಅಂತ ಸಮಾಧಾನ ಪಡಬೇಡಿ, ಅದೇ ಅಪಾಯ. ಕೆಂಪಗಾಗುತ್ತದೆ, ಬಿಳಿಚಿಕೊಳ್ಳುತ್ತದೆ ಅಂತ ಬರೆದಿರುತ್ತಾರೆ, ನಮ್ಮ ಮೈಬಣ್ಣದಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ಮುಟ್ಟಿ ನೋಡಿ: ಮೇಣದ ಹಾಗೆ ಗಟ್ಟಿಯಾಗಿದ್ದರೆ, ಸ್ಪರ್ಶ ತಿಳಿಯದಿದ್ದರೆ ಒಳಗೆ ಹೋಗಿ. ಉಜ್ಜಬೇಡಿ. ಎಣ್ಣೆ ತಿಕ್ಕಬೇಡಿ. ನಮ್ಮ ಹಂಡೆ ನೀರಿನಂಥ ಬಿಸಿ ನೀರು ಬೇಡ, ಜೋಮು ಹಿಡಿದ ಕೈಗೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿ, ಅಂದರೆ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರಿನಲ್ಲಿ ಇಡಿ, ಶಾಖ ಬೇರೆಯವರ ಮೊಣಕೈಯಲ್ಲಿ ನೋಡಿಸಿ. ಸ್ಪರ್ಶ ಮರಳದಿದ್ದರೆ, ಗುಳ್ಳೆ ಎದ್ದರೆ ಆಸ್ಪತ್ರೆ. ಕೆನಡಾ, ಅಮೆರಿಕ ಎರಡರಲ್ಲೂ ತುರ್ತಿಗೆ 911. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮೊದಲೇ ಕಡಿಮೆ, ಮನೆಗೆ ಬಂದ ತಕ್ಷಣ ಕಾಲುಚೀಲ ತೆಗೆದು ಬೆರಳು ನೋಡಿಕೊಳ್ಳಿ.

ಹೆಜ್ಜೆ 8: ಕಾರು, ಕತ್ತಲೆ

ಕಾರಿನ ಭಯ ಅಳಿಯನಿಗೆ ಬಿಡಿ, ಎರಡು ಪ್ರಶ್ನೆ ಮಾತ್ರ ಕೇಳಿ. ಚಳಿಗಾಲದ ಟೈರ್ ಹಾಕಿಸಿದ್ದೀರಾ? ಮಾಮೂಲಿ ಟೈರಿನ ರಬ್ಬರ್ 7 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಎರಡನೆಯದು, ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ನೀರು ಇದೆಯಾ? ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬಾರದು. ಎಂಜಿನ್ ಹಾಕುವ ಮುಂಚೆ ಹೊಗೆ ಕೊಳವೆಗೆ ಹಿಮ ಮುಚ್ಚಿದೆಯಾ ಅಂತ ನೋಡಲೇಬೇಕು, ಮುಚ್ಚಿದ್ದರೆ ವಿಷಗಾಳಿ ಒಳಗೆ ಬರುತ್ತದೆ.

ಕತ್ತಲೆ ನನ್ನನ್ನು ಹೆಚ್ಚು ಕಾಡಿತು. ಡಿಸೆಂಬರ್ 21ರ ಹೊತ್ತಿಗೆ ಅಲ್ಲಿ ಹಗಲು ಒಂಬತ್ತು ಗಂಟೆಯೂ ಪೂರ್ತಿ ಇಲ್ಲ, ಐದಕ್ಕೆ ಮೊದಲೇ ದೀಪ ಹಚ್ಚಬೇಕು. ಮನಸ್ಸು ಕುಗ್ಗುವುದಕ್ಕೆ ಕಾರಣವಿದೆ, 1984ರಲ್ಲೇ ವೈದ್ಯರು ಇದನ್ನು ಕಾಯಿಲೆ ಅಂತ ಗುರುತಿಸಿದ್ದಾರೆ. 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಲೈಟ್ ಬಾಕ್ಸ್, ಅಂದರೆ ಪ್ರಖರ ದೀಪದ ಪೆಟ್ಟಿಗೆ ಮುಂದೆ ಬೆಳಿಗ್ಗೆ 20-30 ನಿಮಿಷ ಕೂತರೆ ಬಹಳ ಜನಕ್ಕೆ ಗುಣ ಕಾಣುತ್ತದೆ. ಕಣ್ಣಿನ ತೊಂದರೆ ಇರುವವರು ಕೇಳಿ ಮಾಡಿ. ನಡೆಯಲು ಮಾಲ್‌ಗೆ ಹೋಗಿ. ಟೊರೊಂಟೊದಲ್ಲಾದರೆ ನೆಲದಡಿಯ 'ಪಾತ್' ಇದೆ, 30 ಕಿ.ಮೀ. ಉದ್ದ, ಒಂದು ಹನಿ ಹಿಮ ಮುಟ್ಟದೆ ಸುತ್ತಬಹುದು. ಹೀಟರ್ ಗಾಳಿಗೆ ತುಟಿ, ಹಿಮ್ಮಡಿ ಒಡೆಯುತ್ತವೆ. ಸ್ನಾನ ಆದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ. ಬಾಟಲಿಯಲ್ಲಿ ಕಲ್ಲಾಗಿರುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ದರೆ ಚಮಚದಲ್ಲಿ ಕೆರೆದುಕೊಳ್ಳಬಹುದು.

ವಾಪಸ್ ಬರುವಾಗ ಜಾಕೆಟ್ ಅಲ್ಲೇ ಬಿಟ್ಟೆ, ಬೂಟು ಮಾತ್ರ ತಂದೆ. ಉಪ್ಪಿನ ಬಿಳಿ ಕಲೆ ಹೋಗಲು ನೀರಿಗೆ ಸ್ವಲ್ಪ ವಿನಿಗರ್ ಬೆರೆಸಿ ಒರೆಸಬೇಕು, ಅಟ್ಟೆ ಬಿರುಕು ಬಿಟ್ಟಿದೆಯಾ ಅಂತ ಬಗ್ಗಿಸಿ ನೋಡಬೇಕು. ಬಿಟ್ಟಿಲ್ಲ. ಎದುರು ಮನೆಯವರು ಈ ಡಿಸೆಂಬರ್‌ಗೆ ಮಗನ ಮನೆಗೆ ಹೊರಟಿದ್ದಾರೆ. ನಿನ್ನೆ ಬಂದು ಹಾಕಿ ನೋಡಿದರು. ನನ್ನದು 6ನೇ ಸೈಜು, ಅವರದು ಐದೂವರೆ, ದಪ್ಪ ಕಾಲುಚೀಲ ಹಾಕಿದರೆ ಸರಿಹೋಗುತ್ತದೆ.